ಏಕಾಂತಪ್ಪನವರ ಇಪ್ಪತ್ತೆರಡು ಕಂಬ

ಚಳ್ಳಕೆರೆಯಲ್ಲಿ ಶೇಂಗಾ ದಲ್ಲಾಳಿ ಏಕಾಂತಪ್ಪನವರನ್ನು ಮುಖ ನೋಡಿ ಗುರುತಿಸುವವರಿಗಿಂತ ಬೆನ್ನು ನೋಡಿ ಗುರುತಿಸುವವರೇ ಹೆಚ್ಚಾಗಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಮಾರುಕಟ್ಟೆ ಯಾರ್ಡಿನ ಗೇಟು ಮುಟ್ಟುವವರೆಗೆ ಅವರ ಕಾಲು ನಿಲ್ಲುತ್ತಿರಲಿಲ್ಲ, ಬಾಯಿ ತೆರೆಯುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ‘ನಮಸ್ಕಾರ’ ಎಂದರೆ ಆ ನಮಸ್ಕಾರ ಅವರ ಅಂಗಿಯ ಬೆನ್ನಿಗೆ ಬಡಿದು ರಸ್ತೆಗೆ ಬೀಳುತ್ತಿತ್ತು. ಹೆಸರಿಟ್ಟವರು ಮಗುವಿನ ಮುಖ ನೋಡಿಯೇ ಇಟ್ಟಿರಬೇಕು. ಮೂವತ್ತು ವರ್ಷ ಅವರು ಏಕಾಂತವನ್ನು ಕಾಲ್ನಡಿಗೆಯಲ್ಲೇ ಅನುಭವಿಸಿದರು.

ಮಾತಾಡುವುದೇನಿದ್ದರೂ ಶೇಂಗಾದ ಜೊತೆ. ರಾಶಿಯಿಂದ ಒಂದು ಹಿಡಿ ಕಾಯಿ ಎತ್ತಿ ಕಿವಿಯ ಹತ್ತಿರ ಗಿಲಿಗಿಲಿ ಆಡಿಸಿ, “ಇದು ಇನ್ನೂ ಎರಡು ಬಿಸಿಲು ಕಾಣ್ಬೇಕು” ಎಂದರೆ ಮುಗಿಯಿತು. ರೈತ ಎದುರಾಡುತ್ತಿರಲಿಲ್ಲ. ಸಿಪ್ಪೆಯೊಳಗಿನ ಕಾಳಿನ ಆರೋಗ್ಯವನ್ನು ಸಿಪ್ಪೆ ಒಡೆಯದೆ ಹೇಳಬಲ್ಲ ಈ ಮನುಷ್ಯ, ತನ್ನ ಚರ್ಮದೊಳಗೆ ಏನು ನಡೆಯುತ್ತಿದೆ ಎಂದು ಮಾತ್ರ ಒಂದು ಸಲವೂ ಕಿವಿಗೊಟ್ಟವರಲ್ಲ.

ಮನೆಯಿಂದ ಯಾರ್ಡಿಗೆ ಇಪ್ಪತ್ತೆರಡು ಲೈಟು ಕಂಬ. ಅವರು ಯಾವತ್ತೂ ಎಣಿಸಿರಲಿಲ್ಲ, ಎಣಿಸುವ ಅಗತ್ಯವೇ ಬಿದ್ದಿರಲಿಲ್ಲ. ಅಗತ್ಯ ಬಿದ್ದದ್ದು ಹೊಸ ಶತಮಾನ ಹುಟ್ಟಿದ ವರ್ಷ, ದೀಪಾವಳಿ ಕಳೆದು ಯಾರ್ಡಿಗೆ ಹೊಸ ಶೇಂಗಾ ಬಂದು ಬೀಳುವ ಕಾಲದಲ್ಲಿ. ಏಕಾಂತಪ್ಪನವರಿಗೆ ಆಗ ಐವತ್ತೈದು. ಒಂದು ಬೆಳಿಗ್ಗೆ ನಾಲ್ಕನೇ ಕಂಬದ ಹತ್ತಿರ ಬಲಗಾಲಿನ ಮೀನಖಂಡವನ್ನು ಯಾರೋ ಒದ್ದೆ ಬಟ್ಟೆಯ ಹಾಗೆ ಹಿಡಿದು ಹಿಂಡಿದರು. ಜನ್ಮದಲ್ಲಿ ಮೀನು ಮುಟ್ಟದ ಲಿಂಗವಂತರ ಕಾಲಲ್ಲೂ ಒಂದು ಮೀನು ಮಲಗಿರುತ್ತದೆ, ಅದು ಬೇಕೆಂದಾಗ ಒದ್ದಾಡುತ್ತದೆ ಎಂಬುದು ಅವರಿಗೆ ತಿಳಿದದ್ದು ಆಗಲೇ. ನಿಂತರು. ಎರಡು ನಿಮಿಷಕ್ಕೆ ನೋವು ಮಾಯ. ಮತ್ತೆ ಹೊರಟರು. ಎಂಟನೇ ಕಂಬದ ಹತ್ತಿರ ಮತ್ತೆ ಅದೇ ಹಿಂಡು.

ತೊಂದರೆ ಎಂದರೆ, ಚಳ್ಳಕೆರೆಯ ಬೀದಿಯಲ್ಲಿ ಒಬ್ಬ ಮನುಷ್ಯ ಸುಮ್ಮನೆ ನಿಲ್ಲುವಂತಿಲ್ಲ. ಸುಮ್ಮನೆ ನಿಂತವನನ್ನು ನಾಲ್ಕು ಜನ ಯಾಕೆಂದು ಕೇಳುತ್ತಾರೆ, ಐದನೆಯವನು ಕುಳಿತುಕೊಳ್ಳಲು ಕಲ್ಲು ತೋರಿಸುತ್ತಾನೆ. ಆದ್ದರಿಂದ ನಿಂತದ್ದಕ್ಕೆ ಒಂದು ನೆಪ ಬೇಕು. ನಾಲ್ಕನೇ ಕಂಬದ ಎದುರಿಗೆ ಯರ್ರಪ್ಪನ ಮನೆ. ಯರ್ರಪ್ಪ ಜಗುಲಿಯ ಮೇಲೆ ಹಲ್ಲುಜ್ಜುತ್ತ ಕುಳಿತಿದ್ದ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಏಕಾಂತಪ್ಪನವರು ಅವನ ಕಡೆ ಮುಖ ತಿರುಗಿಸಿದರು.

“ಏನ್ ಯರ್ರಪ್ಪಾ, ಎಮ್ಮೆ ಕರು ಹಾಕ್ತಾ?”

ಯರ್ರಪ್ಪನ ಬಾಯಿಯ ಬ್ರಷ್ಷು ಬಾಯಲ್ಲೇ ನಿಂತಿತು. “ಎಮ್ಮೆ ಸತ್ತು ನಾಕು ವರ್ಷ ಆತಲ್ರಿ.”

“ಛೆ ಛೆ. ಒಳ್ಳೇ ಎಮ್ಮೆ” ಎಂದರು ಏಕಾಂತಪ್ಪನವರು. ಅಷ್ಟರಲ್ಲಿ ಮೀನಖಂಡ ಸಡಿಲವಾಯಿತು, ಹೊರಟರು.

ಹೀಗೆ ಒಂದು ತಿಂಗಳಲ್ಲಿ ಅವರು ಎಂಟನೇ ಕಂಬದ ಮುದುಕಿಯ ಕೆಮ್ಮು ವಿಚಾರಿಸಿದರು, ಹನ್ನೆರಡನೇ ಕಂಬದ ದರ್ಜಿಗೆ ಮಗಳ ಮದುವೆ ಎಲ್ಲಿಗೆ ಬಂತೆಂದು ಕೇಳಿದರು, ಹದಿನಾರನೇ ಕಂಬದ ಮಂಡಕ್ಕಿ ಭಟ್ಟಿಯ ಮುಂದೆ ನಿಂತು ಹೊಗೆ ಯಾವ ಕಡೆಗೆ ಹೋಗುತ್ತದೆಂದು ಗಮನವಿಟ್ಟು ನೋಡಿದರು. ಊರಿಗೆ ದಿಗಿಲು. ಒಬ್ಬ ಮನುಷ್ಯ ಕಾರಣವಿಲ್ಲದೆ ಒಳ್ಳೆಯವನಾಗುತ್ತಿದ್ದರೆ ಚಳ್ಳಕೆರೆಗೆ ಹೊಳೆಯುವ ಕಾರಣ ಒಂದೇ. ಪುರಸಭೆ ಚುನಾವಣೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಪತ್ರಿಕೆಯವರು ಬೇರೆ ಬರೆಯುತ್ತಿದ್ದರು.

ಸುದ್ದಿಯನ್ನು ಸುದ್ದಿಯ ಒಡೆಯರಿಗೇ ತಂದು ಮುಟ್ಟಿಸಿದವನು ಪಾತಣ್ಣ. ಊರಾಚೆಯ ವರವು ಕಾವಲಿನ ಹುಲ್ಲುಗಾವಲಿನಲ್ಲಿ ದನ ಕಾಯ್ದು ಬೆಳೆದು, ಈಗ ಯಾರ್ಡಿನ ಹಮಾಲರಿಗೆ ಮೇಸ್ತ್ರಿಯಾಗಿದ್ದವನು.

“ಯಜಮಾನ್ರೆ, ನಮಗೊಂದು ಮಾತು ಹೇಳ್ಬಾರ್ದಿತ್ತಾ?”

“ಏನಲೇ?”

“ಮುಚ್ಚಿಡಬ್ಯಾಡ್ರಿ. ನಮ್ಮ ವಾರ್ಡಿಗೆ ನೀವೇ ಅಂತ ಊರೆಲ್ಲ ಆಗೈತೆ. ಯರ್ರಪ್ಪನ ಎಮ್ಮೆ ವಿಚಾರಿಸಿದ್ರಂತೆ. ಸತ್ತಿರೋ ಎಮ್ಮೆ ಯೋಗಕ್ಷೇಮ ಕೇಳೋನು ಎಲೆಕ್ಷನ್ ಬಿಟ್ಟು ಇನ್ಯಾತಕ್ಕೆ ಕೇಳ್ತಾನ್ರಿ?”

ಏಕಾಂತಪ್ಪನವರಿಗೆ ಆ ಕ್ಷಣದಲ್ಲಿ ಎರಡು ದಾರಿ ಇದ್ದವು. ನನಗೆ ಕಾಲು ನೋವು ಕಣೋ ಎನ್ನಬಹುದಿತ್ತು. ಆದರೆ ಹಾಗೆಂದ ಕೂಡಲೇ ಊರಿನವರ ಕಣ್ಣು ಅವರ ಮನೆಯ ಅಟ್ಟದ ಮೇಲಿನ ಕುರ್ಚಿಯತ್ತ ತಿರುಗುತ್ತದೆಂದು ಅವರಿಗೆ ಗೊತ್ತಿತ್ತು.

ಅದು ಅವರ ಅಪ್ಪನ ತೇಗದ ಕುರ್ಚಿ. ಅಪ್ಪನೂ ಶೇಂಗಾ ದಲ್ಲಾಳಿಯೇ. ಅಪ್ಪನಿಗೂ ಸಕ್ಕರೆ ಕಾಯಿಲೆ. ಅಪ್ಪನೂ ಹೀಗೇ ಬೀದಿಯಲ್ಲಿ ನಿಂತು ನಿಂತು ನಡೆಯಲು ಶುರುಮಾಡಿದ್ದ. ಒಂದು ದಿನ ಬಲಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿತು. ಆ ಗಾಯ ಒಣಗಲಿಲ್ಲ. ಬೆರಳು ತೆಗೆದರು, ಆರು ತಿಂಗಳಿಗೆ ಪಾದ ತೆಗೆದರು, ಇನ್ನಾರು ತಿಂಗಳಿಗೆ ಮೊಣಕಾಲಿನವರೆಗೆ ತೆಗೆದರು. ಆಮೇಲೆ ನಾಲ್ಕು ವರ್ಷ ಅಪ್ಪ ಆ ಕುರ್ಚಿಯಲ್ಲಿ ಕೂತು ಬೀದಿಯಲ್ಲಿ ಎರಡು ಕಾಲಿದ್ದವರನ್ನೆಲ್ಲ ಬೈದ. ಯಾರ್ಡಿನ ರೈತರಲ್ಲಿ ಅರ್ಧಕ್ಕರ್ಧ ಜನ ಎದುರಂಗಡಿಗೆ ಹೋದರು. ಕುಂಟನ ತಕ್ಕಡಿಯೂ ಕುಂಟುತ್ತದೆ ಎಂದು ನಕ್ಕೇ ಹೋದರು.

ಏಕಾಂತಪ್ಪನವರಿಗೂ ಸಕ್ಕರೆ ಬಂದು ಒಂಬತ್ತು ವರ್ಷವಾಗಿತ್ತು. ‘ಸ್ವಲ್ಪ ಸಕ್ಕರೆ ಐತೆ’ ಎನ್ನುತ್ತಿದ್ದರು, ಡಬ್ಬಿಯಲ್ಲಿ ಮಿಕ್ಕಿದ್ದರ ಲೆಕ್ಕ ಕೊಡುವವರಂತೆ. ಬಿಪಿಯೂ ಜೊತೆಗಿತ್ತು. ಮಾತ್ರೆಯನ್ನು ಉತ್ಸವದ ಚಂದಾ ಕೊಡುವ ಹಾಗೆ ನುಂಗುತ್ತಿದ್ದರು, ಯಾರಾದರೂ ಎದುರಿಗೆ ನಿಂತು ಒತ್ತಾಯ ಮಾಡಿದರೆ ಮಾತ್ರ. ಬೀಡಿಗೆ ಮಾತ್ರ ಯಾರೂ ಒತ್ತಾಯ ಮಾಡಬೇಕಾಗಿರಲಿಲ್ಲ.

ಆದ್ದರಿಂದ ಅವರು ಎರಡನೇ ದಾರಿ ಹಿಡಿದರು. “ನೋಡಾಣ ಬಿಡಲೇ” ಎಂದರು. ಚಳ್ಳಕೆರೆಯಲ್ಲಿ ಅದರ ಅರ್ಥ ‘ಹೂಂ’. ಕಾಯಿಲೆಯವನು ಎನ್ನಿಸಿಕೊಳ್ಳುವುದಕ್ಕಿಂತ ರಾಜಕಾರಣಿ ಎನ್ನಿಸಿಕೊಳ್ಳುವುದೇ ಮರ್ಯಾದೆ ಎಂದು ತಿಳಿದ ಮನುಷ್ಯ ಆ ಊರಿನಲ್ಲಿ ಅವರೊಬ್ಬರೇ ಇರಬೇಕು.

ಸಂಕ್ರಾಂತಿಯ ಹೊತ್ತಿಗೆ ನೋವು ನಾಲ್ಕನೇ ಕಂಬದಿಂದ ಮೂರನೇ ಕಂಬಕ್ಕೆ ಇಳಿಯಿತು. ಕಾಲ್ಬೆರಳು ತಣ್ಣಗಿರತೊಡಗಿದವು. ಏಕಾಂತಪ್ಪನವರಿಗೆ ಕನಸಿನಲ್ಲಿ ಕುರ್ಚಿ ಬರತೊಡಗಿತು. ಚಳ್ಳಕೆರೆಯ ಡಾಕ್ಟರ ಹತ್ತಿರ ಹೋದರೆ ಕಾಂಪೌಂಡರ ಬಾಯಿಂದ ಯಾರ್ಡಿಗೆ ಸುದ್ದಿ ಬರಲು ಅರ್ಧ ಗಂಟೆ ಸಾಕು. ಹಾಗಾಗಿ ಹೆಂಡತಿ ಬಸವಲಿಂಗಮ್ಮನವರಿಗೆ, “ನಿನಗೊಂದು ರೇಷ್ಮೆ ಸೀರೆ ನೋಡ್ಕಂಡು ಬರ್ತೀನಿ” ಎಂದು ಹೇಳಿ ಮೊಳಕಾಲ್ಮೂರಿನ ಬಸ್ಸು ಹತ್ತಿದರು. ಮದುವೆಯಾದಾಗಿನಿಂದ ಒಂದು ರವಿಕೆ ಕಣವನ್ನೂ ತಂದುಕೊಟ್ಟಿರದ ಗಂಡ ಹೀಗೆಂದಾಗ ಬಸವಲಿಂಗಮ್ಮ ಬಸ್‌ಸ್ಟ್ಯಾಂಡಿನವರೆಗೆ ಬಂದು, ಅವರು ಬಸ್ಸಿನ ಮೆಟ್ಟಿಲು ಹತ್ತುವಾಗ ಯಾವ ಕಾಲು ಮೊದಲು ಎತ್ತಿದರು ಎಂದಷ್ಟೇ ನೋಡಿದರು.

ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಡಾಕ್ಟರ್ ರೂಪಾ ಅವರ ಕ್ಲಿನಿಕ್ಕು. ಕೊಂಡ್ಲಹಳ್ಳಿಯ ಕಡೆಯ ಹುಡುಗಿ, ಓದಿ ಬಂದು ಎರಡು ವರ್ಷವಾಗಿತ್ತು. ಹೊರಗಿನ ಬೆಂಚಿನಲ್ಲಿ ಏಕಾಂತಪ್ಪನವರ ಪಕ್ಕ ಕೂತಿದ್ದ ಮುದುಕಿ ಕಾಟಮ್ಮ ಅವರನ್ನು ಮೇಲಿನಿಂದ ಕೆಳಗೆ ನೋಡಿ, ಪಾದದ ಹತ್ತಿರ ಕಣ್ಣು ನಿಲ್ಲಿಸಿ ತೆಲುಗಿನಲ್ಲಿ ಕೇಳಿದಳು.

“ಏ ಕಾಲು ಸಾಮೀ?”

ಏಕಾಂತಪ್ಪನವರು ತೆಲುಗು ಬಾರದವರ ಮುಖ ಮಾಡಿದರು. ಮುದುಕಿ ಕನ್ನಡಕ್ಕೆ ಬಂದಳು. “ಎಡಗಾಲೋ ಬಲಗಾಲೋ?”

“ನನ್ ಕಾಲಿಗೇನಾಗೈತೆ? ನಾನು ಸೀರೆ ನೋಡಾಕೆ ಬಂದೀನಿ.”

“ಇಲ್ಲಿ ಬ್ಯಾಂಡೇಜು ಬಟ್ಟೆ ಬಿಟ್ರೆ ಬ್ಯಾರೆ ಬಟ್ಟೆ ಸಿಗಲ್ಲಪ್ಪಾ” ಎಂದು ಕಾಟಮ್ಮ ತನ್ನ ಸುತ್ತಿದ ಪಾದವನ್ನು ಮುಂದೆ ಚಾಚಿದಳು. ಅದರಲ್ಲಿ ಎರಡು ಬೆರಳು ಕಡಿಮೆ ಇದ್ದವು. “ಹೆಬ್ಬೆಟ್ಟು ಹೋದಾಗ ನಾನೂ ನಿನ್ನಂಗೇ ಸುಳ್ಳು ಹೇಳ್ಕಂಡು ತಿರುಗ್ತಿದ್ದೆ. ಪಕ್ಕದ್ದೂ ಹೋದ ಮ್ಯಾಲೆ ಬಿಟ್ಟೆ.”

ಒಳಗೆ ರೂಪಾ ಏಕಾಂತಪ್ಪನವರನ್ನು ಮಲಗಿಸಿ, ಪಾದದ ಮೇಲ್ಭಾಗದಲ್ಲಿ ಎರಡು ಬೆರಳಿಟ್ಟು ಕಳೆದುಹೋದ ಸೂಜಿಯನ್ನು ಹುಡುಕುವವರಂತೆ ಅತ್ತಿತ್ತ ಸರಿಸಿದಳು.

“ಏನು ಹುಡುಕ್ತಿದೀಯವ್ವಾ?”

“ನಾಡಿ. ಎಡಗಾಲಲ್ಲಿ ಸಣ್ಣಗೆ ಸಿಕ್ತು. ಬಲಗಾಲಲ್ಲಿ ಸಿಗ್ತಾ ಇಲ್ಲ.”

“ನಾಡಿ ಕೈಯಾಗಿರ್ತೈತಲ್ಲ?”

“ಕಾಲಲ್ಲೂ ಇರುತ್ತೆ ಯಜಮಾನ್ರೆ” ಎಂದಳು ರೂಪಾ. ಸ್ವಲ್ಪ ತಡೆದು, “ಇರ್ಬೇಕು” ಎಂದು ಸೇರಿಸಿದಳು.

ಬಲಗಾಲನ್ನು ಎತ್ತಿ ಹಿಡಿಸಿದಳು. ಪಾದ ಸುಣ್ಣದ ಗೋಡೆಯ ಹಾಗೆ ಬಿಳಿಚಿತು. ಮಂಚದಿಂದ ಕೆಳಗೆ ಇಳಿಬಿಡಿಸಿದಳು. ನಿಧಾನವಾಗಿ ಕೆಂಪಡರಿ ಬದನೆಕಾಯಿಯ ಬಣ್ಣಕ್ಕೆ ಬಂತು. ಸ್ವಂತ ಪಾದ ಹೀಗೆ ಊಸರವಳ್ಳಿಯ ಆಟ ಆಡುವುದನ್ನು ಏಕಾಂತಪ್ಪನವರು ಬೆಪ್ಪಾಗಿ ನೋಡಿದರು.

“ನಿಮ್ಮೂರಲ್ಲಿ ಎಣ್ಣೆ ಮಿಲ್ಲು ಜಾಸ್ತಿ ಅಲ್ವಾ? ಪೈಪಿನ ಒಳಗೆ ಮಡ್ಡಿ ಕಟ್ಟೋದು ನೋಡಿದೀರಾ?”

“ನೋಡದೇ ಏನು.”

“ಸಕ್ಕರೆ, ಬಿಪಿ, ಬೀಡಿ ಮೂರೂ ಸೇರ್ಕಂಡು ರಕ್ತನಾಳದ ಒಳಗೋಡೆ ಕೆಡಿಸ್ತಾವೆ. ನುಣ್ಣಗಿದ್ದ ಗೋಡೆ ಒರಟಾದ ಮೇಲೆ ಅಲ್ಲಿ ಕೊಬ್ಬು ಕೂತ್ಕಂತೈತೆ. ಕೂತಿದ್ದು ಗಟ್ಟಿಯಾಗ್ತೈತೆ. ಸುಮ್ನೆ ಕೂತಾಗ ಕಾಲಿಗೆ ಬರೋ ರಕ್ತ ಸಾಕಾಗ್ತೈತೆ, ನಡೆದಾಗ ಸಾಕಾಗಲ್ಲ. ಅದಕ್ಕೇ ಮೀನಖಂಡ ಕೂಗ್ಕಳೋದು.”

“ಅಂದ್ರೆ ನನ್ ಕಾಲಾಗೆ ಮಡ್ಡಿ ಕಟ್ಟೈತೆ.”

“ಕಾಲಲ್ಲಿ ಮಾತ್ರ ಅಂತ ಯಾಕಂತೀರಿ? ಮನೆ ಒಂದೇ, ಪೈಪೂ ಒಂದೇ. ಕಾಲಲ್ಲಿ ಕಟ್ಟಿದ್ದು ಎದೇಲೂ ತಲೇಲೂ ಶುರುವಾಗಿರ್ತೈತೆ. ಕಾಲು ಪಾಪ ಬಾಯಿಬಿಟ್ಟು ಹೇಳ್ತಾ ಐತೆ. ಎದೆ ಹೇಳದೇ ಹೊಡೆದುಬಿಡ್ತೈತೆ.”

ರಕ್ತನಾಳದ ವಿಚಾರವನ್ನು ಒಂಬತ್ತು ವರ್ಷ ‘ನಾಳೆ’ಗೆ ಹಾಕುತ್ತ ಬಂದಿದ್ದವರಿಗೆ ಆ ನಾಳೆ ಈಗ ಎದುರಿಗೆ ಸ್ಟೆತಸ್ಕೋಪು ಹಾಕಿಕೊಂಡು ಕೂತಿತ್ತು. ರೂಪಾ ಚೀಟಿ ಬರೆದಳು. ಬೀಡಿ ಇವತ್ತೇ ಕೊನೆ. ಮಾತ್ರೆ ದಿನಾ, ಜೀವ ಇರುವ ತನಕ. ದಾವಣಗೆರೆಗೆ ಹೋಗಿ ಕಾಲಿನ ರಕ್ತನಾಳದ ಸ್ಕ್ಯಾನ್ ಮಾಡಿಸಬೇಕು. ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಬಾರದು, ದಿನಾ ಅಂಗಾಲು ನೋಡಿಕೊಳ್ಳಬೇಕು.

“ಮತ್ತೆ ನಡೀಬೇಕು. ದಿನಾ ಮುಕ್ಕಾಲು ಗಂಟೆ.”

“ನಡೆದ್ರೆ ನೋಯ್ತೈತೆ ಅಂತಲೇ ನಾನು ಬಂದಿರೋದು!”

“ಜೋರಾಗಿ ನೋಯೋವರೆಗೂ ನಡೀರಿ. ಆಮೇಲೆ ನಿಲ್ರಿ. ನೋವು ಹೋದ ಮೇಲೆ ಮತ್ತೆ ನಡೀರಿ. ನೋವು ಬರೋಕೆ ಮುಂಚೆ ಮಾತ್ರ ಯಾರು ಕರೆದ್ರೂ ನಿಲ್ಬೇಡಿ. ದೊಡ್ಡ ದಾರಿ ಕಟ್ಟಿದ್ರೆ ಅಕ್ಕಪಕ್ಕದ ಸಣ್ಣ ದಾರಿಗಳು ಅಗಲ ಆಗ್ತಾ ಬರ್ತವೆ. ನಡೆಯೋರಿಗೆ.”

“ನಡೀದಿದ್ರೆ?”

ರೂಪಾ ಬಾಗಿಲಿನಾಚೆ ಬೆಂಚಿನ ಕಡೆ ನೋಡಿದಳು. ಕಾಟಮ್ಮ ಅಲ್ಲಿಂದಲೇ ಕೈ ಬೀಸಿದಳು.

ಏಕಾಂತಪ್ಪನವರು ಒಂದು ಸೀರೆ ಕೊಂಡು ವಾಪಸು ಬಂದರು. ಸುಳ್ಳಿಗೆ ಸಾಕ್ಷಿ ಬೇಕಲ್ಲ.

ಆಗ ಶುರುವಾದದ್ದೇ ಚಳ್ಳಕೆರೆ ಕಂಡ ಅತ್ಯಂತ ವಿಚಿತ್ರ ಮತಯಾಚನೆ. ಚುನಾವಣೆಯ ದಿನಾಂಕವೇ ಗೊತ್ತಿಲ್ಲ. ಅಭ್ಯರ್ಥಿ ಮಾತ್ರ ದಿನಾ ಬೆಳಿಗ್ಗೆ ಸಂಜೆ ವಾರ್ಡು ಸುತ್ತುತ್ತಾರೆ. ಬಿಳಿ ಪಂಚೆ, ಕೆಳಗೆ ಬಿಳಿ ಕಾಲುಚೀಲ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಡ್ರಿಲ್ ಮೇಷ್ಟ್ರು ಮದುವೆಗೆ ಹೊರಟಂತೆ ಕಾಣುತ್ತಿದ್ದರು. ಮನೆಯ ಮುಂದೆ ಶೂ ಬಿಚ್ಚುವಂತಿಲ್ಲ, ಆದ್ದರಿಂದ ಯಾರ ಮನೆಯ ಒಳಗೂ ಕಾಲಿಡುವಂತಿಲ್ಲ. ಹೊಸಿಲಿನಾಚೆಯಿಂದಲೇ ಮಾತು. ಟೀ ತಂದರೆ ಬೇಡ ಎನ್ನುವರು.

“ಯಾಕ್ರಿ, ನಮ್ಮನೆ ಟೀ ಕಹಿನಾ?” ಎಂದು ದರ್ಜಿಯ ಹೆಂಡತಿ ಕೇಳಿಯೇ ಬಿಟ್ಟಳು.

“ಸಿಹಿ ಅಂತಲೇ ಬ್ಯಾಡ ತಾಯಿ.”

ಆ ಮಾತಿನ ಅರ್ಥ ಏನೆಂದು ವಾರ್ಡಿನಲ್ಲಿ ಎರಡು ದಿನ ಚರ್ಚೆಯಾಯಿತು. ಕೊನೆಗೆ, ಇದು ಬಹಳ ಸರಳ ಜೀವಿ, ಇವರನ್ನು ಗೆಲ್ಲಿಸಬೇಕು ಎಂದಾಯಿತು. ಮೂರು ಕಂಬಕ್ಕೊಮ್ಮೆ ನಿಂತು ಮಾತಾಡಿಸುವವರು ಇನ್ಯಾರಿದ್ದಾರೆ?

ಎದುರಾಳಿ ಮುರುಗೇಂದ್ರಪ್ಪನವರಂತೂ ನಿಲ್ಲುತ್ತಲೇ ಇರಲಿಲ್ಲ. ಗೊಬ್ಬರದ ಅಂಗಡಿಯ ಮುರುಗೇಂದ್ರಪ್ಪನವರದು ಜೀಪಿನ ಪ್ರಚಾರ. ಜೀಪು ಮಂಡಕ್ಕಿ ಅಂಗಡಿಯ ಮುಂದೆ ಮಾತ್ರ ನಿಲ್ಲುತ್ತಿತ್ತು. ಕೊಟ್ಟ ಮಿರ್ಚಿಯನ್ನೆಲ್ಲ ತಿಂದು, ಕೊಟ್ಟ ಟೀಯನ್ನೆಲ್ಲ ಕುಡಿದು, ಸಿಗರೇಟು ಹಚ್ಚಿ ಜನಸೇವೆಯ ಬಗ್ಗೆ ಮೈಕಿನಲ್ಲಿ ಮಾತಾಡುತ್ತಿದ್ದರು. ಅವರ ಹೊಟ್ಟೆ ಅವರಿಗಿಂತ ಒಂದು ಅಡಿ ಮೊದಲೇ ಮತದಾರರನ್ನು ತಲುಪುತ್ತಿತ್ತು. “ಏಕಾಂತಪ್ಪಾ, ಟೀನೂ ಕುಡೀದ ನೀನು ವಾರ್ಡು ಹೆಂಗೆ ನಡೆಸ್ತೀಯೋ?” ಎಂದು ಜೀಪಿನಿಂದಲೇ ಕೂಗುತ್ತಿದ್ದರು.

ಯುಗಾದಿಯ ಹೊತ್ತಿಗೆ ನೋವು ಏಳನೇ ಕಂಬಕ್ಕೆ ಹೋಗಿತ್ತು. ಏಕಾಂತಪ್ಪನವರು ಈಗ ಮತದಾರರನ್ನು ಎಣಿಸುವುದು ಬಿಟ್ಟು ಕಂಬ ಎಣಿಸುತ್ತಿದ್ದರು. ತಿಂಗಳಿಗೊಮ್ಮೆ ಮೊಳಕಾಲ್ಮೂರು, ತಿಂಗಳಿಗೊಂದು ಸೀರೆ. ಆ ಊರಿನಲ್ಲಿ ಏಕಾಂತಪ್ಪನವರಿಗೆ ಯಾರೋ ಇದ್ದಾಳೆ ಎಂದು ಅಕ್ಕಪಕ್ಕದವರು ಬಸವಲಿಂಗಮ್ಮನವರ ಕಿವಿಯಲ್ಲಿ ಊದಿದರು. “ಇರ್ಲಿ ಬಿಡ್ರಿ, ಸೀರೆ ಚೆನ್ನಾಗಿ ಆರಿಸ್ತಾಳೆ” ಎಂದು ಬಸವಲಿಂಗಮ್ಮ ಮೆಣಸಿನಕಾಯಿ ತೊಟ್ಟು ಮುರಿಯುವುದನ್ನು ಮುಂದುವರಿಸಿದರು.

ಮೂರನೇ ಸೀರೆಯ ಮಡಿಕೆ ಬಿಡಿಸಿದಾಗ ಮಾತ್ರ ಅದರೊಳಗಿಂದ ಒಂದು ಮಾತ್ರೆಯ ಪಟ್ಟಿ ಜಾರಿ ನೆಲಕ್ಕೆ ಬಿತ್ತು. ಏಕಾಂತಪ್ಪನವರು ಅದರ ಮೇಲೆ ಕಾಲಿಟ್ಟು ಮುಚ್ಚಲು ನೋಡಿದರು.

“ತಗೀರಿ ಕಾಲು. ಬಲಗಾಲು ಅಲ್ವಾ?”

“ನಿನಗೆ ಹೆಂಗೆ ಗೊತ್ತು?”

“ನಿಮ್ಮಪ್ಪಂದೂ ಬಲಗಾಲೇ. ಅದನ್ನ ನಾಕು ವರ್ಷ ತೊಳೆದೋಳು ನಾನು, ನೀವಲ್ಲ. ಆ ವಾಸನೆ ಇನ್ನೂ ನನ್ ಮೂಗಿನಾಗೈತೆ. ಅಟ್ಟ ಹತ್ತೋದು ಬಿಟ್ಟಾಗಲೇ ಗೊತ್ತಾತು ನಂಗೆ. ನೀವಾಗೇ ಬಾಯಿಬಿಡ್ತೀರೇನೋ ಅಂತ ಮೂರು ತಿಂಗಳು ಕಾದೆ.” ಬಸವಲಿಂಗಮ್ಮ ಸೀರೆಯನ್ನು ಅವರ ಮಡಿಲಿಗೆ ಎಸೆದರು. “ಯಾಕ್ರಿ ತಂದಿದ್ದು ಇವನ್ನ? ನಿಮ್ಮ ಕಾಲಿನ ಕೀವು ತೊಳೆಯುವಾಗ ಉಟ್ಕಳ್ಲಿ ಅಂತಾನಾ?”

ಏಕಾಂತಪ್ಪನವರಿಗೆ ಏಕಾಂತ ಬೇಕೆನ್ನಿಸಿತು. ಸಿಗಲಿಲ್ಲ. ಮರುದಿನದಿಂದ ದಿನಾ ಬೆಳಿಗ್ಗೆ ಬಸವಲಿಂಗಮ್ಮ ಗಂಡನ ಎರಡೂ ಅಂಗಾಲನ್ನು ಬೆಳಕಿಗೆ ಹಿಡಿದು, ಶೇಂಗಾ ಬೀಜದಲ್ಲಿ ಕಲ್ಲು ಆರಿಸುವವರ ಹಾಗೆ ಬೆರಳ ಸಂದು ಸಂದು ನೋಡಿ ಕಳಿಸತೊಡಗಿದರು. ಹೋಳಿಗೆ ಮನೆಯಿಂದ ಗಡೀಪಾರಾಯಿತು. ಅಂಗಿಯ ಜೇಬಿನಲ್ಲಿ ಬೀಡಿಯ ಪುಡಿ ಸಿಕ್ಕ ಒಂದು ದಿನ ಅವರಿಗೆ ಊಟವೂ ಸಿಗಲಿಲ್ಲ.

ಮಳೆಗಾಲದ ಕೊನೆಗೆ ಚುನಾವಣೆ ನಿಜವಾಗಿ ಬಂತು. ಏಕಾಂತಪ್ಪನವರು ನಾಮಪತ್ರ ಹಾಕಿದರು; ಈಗ ಹಿಂದೆ ಸರಿದರೆ ಇಷ್ಟು ದಿನ ಯಾಕೆ ನಿಂತಿರಿ ಎಂದು ಊರು ಕೇಳುತ್ತದೆ. ಪಕ್ಷೇತರರಾದ ಅವರಿಗೆ ಸಿಕ್ಕಿದ ಗುರುತು ಕುರ್ಚಿ. ಆದೇಶದ ಕಾಗದ ಓದಿದಾಗ ಅವರ ಮುಖ ಎತ್ತಿ ಹಿಡಿದ ಪಾದದ ಬಣ್ಣಕ್ಕೆ ಬಂತು.

ಅವರು ಸುಧಾರಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಪಾತಣ್ಣ ಅಟ್ಟ ಹತ್ತಿ ಇಳಿದಾಗಿತ್ತು. ತಳ್ಳುಗಾಡಿಯ ಮೇಲೆ ಅಪ್ಪನ ತೇಗದ ಕುರ್ಚಿ ಹಗ್ಗ ಬಿಗಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಕೂತಿತ್ತು.

“ಆ ಕುರ್ಚಿ ಬ್ಯಾಡಲೇ ಪಾತಣ್ಣ!”

“ಯಾಕ್ರಿ? ಇಂಥ ತೇಗದ್ದು ಊರಾಗೆ ಯಾವನತ್ರ ಐತೆ? ನಿಮ್ಮಪ್ಪಾರು ಕೂತ ಕುರ್ಚಿ. ನೋಡಿದ ಕೂಡ್ಲೇ ಜನಕ್ಕೆ ನೆನಪಾಗ್ತೈತೆ.”

“ಅದಕ್ಕೇ ಬ್ಯಾಡ ಅನ್ನೋದು!”

ಆದರೆ ಹಮಾಲರು ಗಾಡಿ ತಳ್ಳಿಯಾಗಿತ್ತು. ಹೀಗೆ ಹದಿನೈದು ದಿನ ಏಕಾಂತಪ್ಪನವರು ಮುಂದೆ, ಅಪ್ಪನ ಕುರ್ಚಿ ಹಿಂದೆ. ಎಷ್ಟು ಬೇಗ ನಡೆದರೂ ಗಾಲಿ ಕಿರ್ ಕಿರ್ ಎನ್ನುತ್ತ ಬೆನ್ನ ಹಿಂದೆಯೇ ಬರುತ್ತಿತ್ತು. ಬಂದು ಕೂರು ಎಂದು ಅದು ಕರೆಯುತ್ತಿರುವಂತೆ ಅವರಿಗೆ ಕೇಳುತ್ತಿತ್ತು. ನಡಿಗೆ ತಾನಾಗಿಯೇ ಜೋರಾಯಿತು. ಹನ್ನೊಂದು ಕಂಬ ಹದಿನಾಲ್ಕಾಯಿತು, ಹದಿನಾಲ್ಕು ಹದಿನೇಳಾಯಿತು. ಡಾಕ್ಟರಮ್ಮ ಹೇಳಿದ್ದಾಳೆ: ನೋವು ಬರುವ ಮುಂಚೆ ಯಾರು ಕರೆದರೂ ನಿಲ್ಲಬೇಡಿ. ನಾಲ್ಕನೇ ಕಂಬದಲ್ಲಿ ನೋವಿಲ್ಲ, ಎಂಟನೇ ಕಂಬದಲ್ಲಿ ನೋವಿಲ್ಲ. ನಿಲ್ಲುವುದು ಯಾಕೆ?

ಪ್ರಚಾರದ ಕೊನೆಯ ದಿನ ಬೆಳಿಗ್ಗೆ ಪಾತಣ್ಣ ಗೋಗರೆದ. “ಇವತ್ತೊಂದಿನ ಪ್ರತಿ ಮನೆ ಮುಂದೂ ನಿಲ್ರಿ ಯಜಮಾನ್ರೆ. ಹೊಸ ಶೂ ಬಂದ ಮ್ಯಾಲೆ ಸೊಕ್ಕು ಬಂದೈತೆ ಅಂತ ಮಾತಾಡ್ತಾವ್ರೆ. ನಿಂತ್ರೆ ಗೆದ್ದಂಗೆ. ಬರೇ ನಿಲ್ಲೋದ್ರಿ, ಅಷ್ಟೇ.”

ಏಕಾಂತಪ್ಪನವರು ಹೂಂ ಎಂದೇ ಹೊರಟರು. ನಾಲ್ಕನೇ ಕಂಬದ ಹತ್ತಿರ ಯರ್ರಪ್ಪ ಬೀದಿಗೇ ಬಂದು ನಿಂತಿದ್ದ. ಏಕಾಂತಪ್ಪನವರ ಮಾತಿನಿಂದಲೇ ಮನಸ್ಸಾಗಿ ಅವನು ಹೊಸ ಎಮ್ಮೆ ಕೊಂಡಿದ್ದ. ಅದು ಮೊನ್ನೆ ಕರು ಹಾಕಿತ್ತು. ಕೈಯಲ್ಲಿ ಗಿಣ್ಣಿನ ಬಟ್ಟಲು. “ಬರ್ರಿ ಬರ್ರಿ, ಕೇಳಿದ್ರಲ್ಲ, ಕರು ಹಾಕೈತೆ!”

ಏಕಾಂತಪ್ಪನವರ ಬುದ್ಧಿ ನಿಲ್ಲು ಎಂದಿತು. ಕಾಲಿಗೆ ನೋವಿರಲಿಲ್ಲ. ಹಿಂದೆ ಗಾಲಿ ಕಿರ್ ಎಂದಿತು.

ಅವರು ನಿಲ್ಲಲಿಲ್ಲ.

ಎಂಟನೇ ಕಂಬದಲ್ಲಿ ಮುದುಕಿ ಕೆಮ್ಮಿ ಕರೆದಳು. ಹನ್ನೆರಡರಲ್ಲಿ ದರ್ಜಿ ಮಗಳ ಮದುವೆಯ ಕಾಗದ ಹಿಡಿದು ಓಡಿಬಂದು, ಹಿಂದಿನಿಂದ ಬರುತ್ತಿದ್ದ ಕುರ್ಚಿಯ ಮೇಲೆ ಇಟ್ಟು ಹೋದ. “ನಿಲ್ರಿ ಯಜಮಾನ್ರೆ, ಓಟು ಹೋತು, ಓಟು!” ಎಂದು ಪಾತಣ್ಣ ಏದುಸಿರು ಬಿಡುತ್ತ ಕೂಗುತ್ತಿದ್ದ. ಹತ್ತೊಂಬತ್ತರಲ್ಲಿ ಮೀನು ಸಣ್ಣಗೆ ಮಿಸುಕಿತು. ಇಪ್ಪತ್ತು. ಇಪ್ಪತ್ತೊಂದು. ಯಾರ್ಡಿನ ಗೇಟಿನ ಪಕ್ಕದ ಇಪ್ಪತ್ತೆರಡನೇ ಕಂಬವನ್ನು ಏಕಾಂತಪ್ಪನವರು ಎರಡೂ ಕೈಯಲ್ಲಿ ತಬ್ಬಿಕೊಂಡರು. ಅವರ ಕಣ್ಣಿನಲ್ಲಿ ನೀರು ಬಂದದ್ದನ್ನು ಪಾತಣ್ಣ ನೋಡಿದ. ಪ್ರಚಾರದ ಕೆಲಸವೆಲ್ಲ ಮುಗಿದ ಮೇಲೆ ಹೀಗಾಗುತ್ತದೇನೋ ಎಂದುಕೊಂಡ.

“ಆ ಕಂಬಕ್ಕೆ ಓಟಿಲ್ಲ ಯಜಮಾನ್ರೆ” ಎಂದಷ್ಟೇ ಹೇಳಿದ.

ನಲವತ್ತೊಂದು ಓಟಿನಿಂದ ಸೋತರು. ಗೆಲ್ಲುವ ಮುಂಚೆಯೇ ಇಷ್ಟು ಸೊಕ್ಕು, ಗೆದ್ದಿದ್ದರೆ ನೆಲದ ಮೇಲೆ ನಡೆಯುತ್ತಿದ್ದನೇ ಎಂದು ವಾರ್ಡು ತೀರ್ಪು ಕೊಟ್ಟಿತು. ಯರ್ರಪ್ಪ ಗಿಣ್ಣನ್ನು ಮುರುಗೇಂದ್ರಪ್ಪನವರ ಜೀಪಿಗೆ ಕೊಟ್ಟಿದ್ದ. ಅವರು ಎರಡು ಬಟ್ಟಲು ತಿಂದರಂತೆ. ಕುರ್ಚಿ ಮತ್ತೆ ಅಟ್ಟಕ್ಕೆ ಹೋಗಲಿಲ್ಲ. ಬಸವಲಿಂಗಮ್ಮ ಅದನ್ನು ಹಿತ್ತಲಿಗೆ ಹಾಕಿಸಿ, ಮೇಲೊಂದು ಹಳೇ ಪಂಚೆ ಹಾಸಿ ಸಂಡಿಗೆ ಒಣಗಿಸತೊಡಗಿದರು. ಅಷ್ಟು ದೊಡ್ಡ ಕೈಯ ಕುರ್ಚಿಯಲ್ಲಿ ಸಂಡಿಗೆ ಚೆನ್ನಾಗಿ ಒಣಗುತ್ತದೆ.

ಅದಾಗಿ ವರ್ಷ ಕಳೆದಿರಬೇಕು. ಸದಸ್ಯ ಮುರುಗೇಂದ್ರಪ್ಪನವರು ವಾರ್ಡಿಗೆ ಮಾಡಿಸಿದ ಮೊದಲ ಕೆಲಸ ಚರಂಡಿ. ಅಗೆದರು, ಮುಚ್ಚಲಿಲ್ಲ. ಜೀಪು ಓಣಿಯೊಳಗೆ ಬರುವಂತಿಲ್ಲವಾಗಿ ಸದಸ್ಯರು ನಡೆದೇ ಅಂಗಡಿಗೆ ಹೋಗಬೇಕಾಯಿತು. ಒಂದು ಬೆಳಿಗ್ಗೆ ಏಕಾಂತಪ್ಪನವರು ಎಂದಿನಂತೆ ಯಾರನ್ನೂ ನೋಡದೆ ಯಾರ್ಡಿಗೆ ಹೊರಟಿದ್ದಾಗ, ಐದನೇ ಕಂಬದ ಹತ್ತಿರ ಮುರುಗೇಂದ್ರಪ್ಪನವರು ನಿಂತು ಒಂದು ಮನೆಯ ಮುಂದಿನ ರಂಗೋಲಿಯನ್ನು ಮನಸಾರೆ ಹೊಗಳುತ್ತಿದ್ದರು. ಗೆದ್ದ ಮೇಲೂ ನಿಂತು ಮಾತಾಡಿಸುತ್ತಾರಲ್ಲ, ಎಂಥ ಮನುಷ್ಯ ಎಂದು ಆ ಮನೆಯವಳು ಹಿಗ್ಗುತ್ತಿದ್ದಳು. ರಂಗೋಲಿ ನೋಡುವ ನೆಪದಲ್ಲಿ ಬಗ್ಗಿದ ಸದಸ್ಯರ ಎಡಗೈ ಪಂಚೆಯ ಹಿಂದೆ ಮೀನಖಂಡವನ್ನು ಮೆಲ್ಲಗೆ ಹಿಸುಕುತ್ತಿತ್ತು.

ಇಡೀ ಚಳ್ಳಕೆರೆಯಲ್ಲಿ ಆ ಕೈಯ ಅರ್ಥ ಬಲ್ಲವರು ಒಬ್ಬರೇ. ಮುಂದಿನ ಚುನಾವಣೆಗೆ ನಾಲ್ಕು ವರ್ಷ ಇತ್ತು. ಸುಮ್ಮನೆ ಹೋಗಿಬಿಟ್ಟರೆ ಮುಗಿಯಿತು. ಹೇಗಿದ್ದರೂ ಅವರು ನಿಲ್ಲುವ ಸ್ವಭಾವದವರಲ್ಲ ಎಂದು ಊರೇ ಹೇಳಿಯಾಗಿತ್ತು. ಏಕಾಂತಪ್ಪನವರು ಆರನೇ ಕಂಬ ದಾಟಿದರು, ಏಳನೆಯದನ್ನೂ ದಾಟಿದರು. ಹಿತ್ತಲಿನಲ್ಲಿ ಅಪ್ಪನ ಕುರ್ಚಿಯ ಮೇಲೆ ಒಣಗುವ ಸಂಡಿಗೆ ನೆನಪಾಯಿತು. ತಿರುಗಿ ಬಂದರು.

ನೋವಿಲ್ಲದೆ ಅವರು ಬೀದಿಯಲ್ಲಿ ನಿಂತದ್ದು ಜೀವನದಲ್ಲಿ ಅದೇ ಮೊದಲು. ಅಗೆದ ಚರಂಡಿಯ ಆಚೆ ಈಚೆ ಇಬ್ಬರೂ ಎದುರುಬದುರಾದರು. ಏಕಾಂತಪ್ಪನವರು ದನಿ ತಗ್ಗಿಸಿ ಕೇಳಿದರು.

“ಎಡಗಾಲೋ ಬಲಗಾಲೋ?”

ಮುರುಗೇಂದ್ರಪ್ಪನವರು ಮೊದಲು ರಂಗೋಲಿಯ ಕಡೆ ನೋಡಿದರು, ಆಮೇಲೆ ಆ ಮನೆಯವಳ ಕಡೆ, ಆಮೇಲೆ ಏಕಾಂತಪ್ಪನವರ ಬಿಳಿ ಕ್ಯಾನ್ವಾಸ್ ಶೂಗಳ ಕಡೆ.

“ಎರಡೂ” ಎಂದರು.